ತಪ್ಪು ಹುಡುಕುವ ಕೂಲಿ

ಬೆನಕಪ್ಪ ತನ್ನ ಕಂಪ್ಯೂಟರನ್ನು ಮೊದಲು ಜಗಳೂರಿನಲ್ಲಿ ಬಿಟ್ಟಿಯಾಗಿ ತೋರಿಸಿದ. ಅದು ಅವನ ಹುಟ್ಟೂರು. ಊರಿನವರು ಕೈಬಿಡಲಾರರು ಎಂಬ ನಂಬಿಕೆ.

ದಾವಣಗೆರೆಯ ಕಾಲೇಜೊಂದರಲ್ಲಿ ಗಣಿತ ಹೇಳುತ್ತಿದ್ದ ಅವನು ಎರಡು ವರ್ಷ ಕೂತು ಒಂದು ಪ್ರೋಗ್ರಾಂ ಬರೆದಿದ್ದ. ಹುಡುಗ ಹುಡುಗಿ ಹುಟ್ಟಿದ ದಿನ, ಹೊತ್ತು ಕೊಟ್ಟರೆ ಅದು ನಕ್ಷತ್ರ ಹಿಡಿದು, ಸಾಲಾವಳಿ ನೋಡಿ, ಮದುವೆ ಕೂಡುತ್ತದೋ ಇಲ್ಲವೋ ಹೇಳುತ್ತಿತ್ತು. ಎಂಬತ್ತೆಂಟನೇ ಇಸವಿಯಲ್ಲಿ ಇದು ನಮ್ಮ ಕಡೆ ಯಾರೂ ಕಂಡಿದ್ದಲ್ಲ. ಹೊಸದಾದ್ದರಿಂದ ಅದರಲ್ಲಿ ತಪ್ಪುಗಳಿರುತ್ತವೆ ಎಂದು ಬೆನಕಪ್ಪನಿಗೆ ಗೊತ್ತಿತ್ತು. ಎಲ್ಲಿವೆ ಎಂದು ಗೊತ್ತಿರಲಿಲ್ಲ. ಅದನ್ನು ಜನ ಹೇಳಬೇಕಿತ್ತು. ಹೇಳಿದ ಮೇಲೆ ತಿದ್ದಿ, ಆಮೇಲೆ ಮಾರಬೇಕು ಎಂಬುದು ಅವನ ಯೋಚನೆ.

ಜಗಳೂರಿನಲ್ಲಿ ಜನ ಹೇಳಿದರು. ಎಲ್ಲವೂ ತಪ್ಪು ಎಂದು ಹೇಳಿದರು. ಒಬ್ಬ ತನ್ನ ಟಗರು ಹುಟ್ಟಿದ ಹೊತ್ತು ಬರೆಸಿದ. ಕಂಪ್ಯೂಟರು ಆ ಟಗರಿಗೆ ಪಕ್ಕದ ಮನೆಯ ಹುಡುಗಿಯ ಜೊತೆ ಮೂವತ್ತಾರರಲ್ಲಿ ಮೂವತ್ತೊಂದು ಗುಣ ಕೂಡಿಸಿತು. ಜಗಳ ಬಿಡಿಸಿದ ಮೇಲೆ ಬೆನಕಪ್ಪ ಕಂಪ್ಯೂಟರನ್ನು ಕಂಬಳಿಯಲ್ಲಿ ಸುತ್ತಿ ಬಸ್ಸು ಹತ್ತಿಸಿದ. ಕಂಡಕ್ಟರು ಅದಕ್ಕೂ ಒಂದು ಟಿಕೆಟ್ಟು ಹರಿದ.

ಬಿಟ್ಟಿ ಸಿಕ್ಕಿದ್ದರಿಂದ ಜನಕ್ಕೆ ಸಸಾರವಾಯಿತು ಎಂದುಕೊಂಡು ಅವನು ಹೊನ್ನಾಳಿಯಲ್ಲಿ ಐದು ರೂಪಾಯಿ ಶುಲ್ಕ ಇಟ್ಟ. ಅಲ್ಲಿ ಟಗರು ಬರಲಿಲ್ಲ. ಒಂದು ತಪ್ಪೂ ಬರಲಿಲ್ಲ. ಎಲ್ಲರೂ ‘ಭಾಳ ಸರಿ ಐತೆ’ ಎಂದು ಕೈಮುಗಿದು ಹೋದರು. ಮದುವೆಯಾಗಿ ಇಪ್ಪತ್ತು ವರ್ಷ ಸಂಸಾರ ಮಾಡಿದ್ದ ದಂಪತಿಗಳಿಗೆ ‘ಕೂಡುವುದಿಲ್ಲ’ ಎಂದು ಬಂದಾಗ ಬೆನಕಪ್ಪ ಆಸೆಯಿಂದ ಗಂಡನ ಮುಖ ನೋಡಿದ. ಆತ, “ಸತ್ಯವಾದ ಮಾತು ಸಾರ್. ನಾನು ಬಾಯಿಬಿಟ್ಟು ಹೇಳಿರ್ಲಿಲ್ಲ ಅಷ್ಟೆ” ಎಂದ. ಹೆಂಡತಿ, “ನಾನೂ ಹೇಳಿರ್ಲಿಲ್ಲ” ಎಂದಳು. ಇಬ್ಬರೂ ಒಂದೇ ಸೈಕಲ್ಲಿನಲ್ಲಿ ಹೋದರು.

ಚನ್ನಗಿರಿಯಲ್ಲಿ ಭಾನುವಾರ ಭಾನುವಾರ ರೇವಣ್ಣನ ಸೈಕಲ್ ಅಂಗಡಿಯ ಮೇಲಿನ ಕೋಣೆ ಸಿಕ್ಕಿತು. ಬೆನಕಪ್ಪ ಬಾಗಿಲಿಗೆ ಒಂದು ರಟ್ಟು ತೂಗುಹಾಕಿದ: ‘ಇದು ಇನ್ನೂ ಪರೀಕ್ಷೆಯಲ್ಲಿದೆ. ತಪ್ಪು ಕಂಡರೆ ದಯವಿಟ್ಟು ತಿಳಿಸಿ. ಶುಲ್ಕ ಐದು ರೂಪಾಯಿ.’

ರೇವಣ್ಣ ಅದನ್ನು ಎರಡು ಸಲ ಓದಿದ. “ಅಲ್ಲ ಮೇಷ್ಟ್ರೇ, ನಾನು ಪಂಚರ್ ಹಾಕಿ, ಗಾಳಿ ನಿಲ್ತೈತೋ ಇಲ್ವೋ ನೋಡಾಕೆ ಗಿರಾಕಿ ಹತ್ರ ದುಡ್ಡು ಕೇಳಿದ್ರೆ ಸುಮ್ನಿರ್ತಾರೇನ್ರಿ?”

“ಬಿಟ್ಟಿ ಬಿಟ್ರೆ ಟಗರು ತರ್ತಾರೆ ರೇವಣ್ಣ.”

“ಹಂಗಾದ್ರೆ ಬೋರ್ಡ್‌ನಾಗೆ ಟಗರು ತರಬೇಡ್ರಿ ಅಂತ ಬರೀರಿ. ಅದು ನ್ಯಾಯ.”

ಆ ಕೋಣೆಗೆ ಮೊದಲನೇ ಭಾನುವಾರವೇ ಅಡಿಕೆ ವ್ಯಾಪಾರಿ ಮಹೇಶ್ವರಪ್ಪ, ಹೆಂಡತಿ ಪ್ರೇಮಮ್ಮ ಮತ್ತು ಮಗಳು ರುದ್ರಾಣಿಯನ್ನು ಕರೆದುಕೊಂಡು ಬಂದರು.

ರುದ್ರಾಣಿಗೆ ನ್ಯಾಮತಿಯಿಂದ ಗಂಡು ಬಂದಿತ್ತು. ಹಾಲೇಶ ಎಂದು ಹೆಸರು. ಹಿಟ್ಟಿನ ಗಿರಣಿ ಇಟ್ಟಿದ್ದ. ಹೆಣ್ಣು ನೋಡಲು ಬಂದ ಸಂಜೆ ಒಳಮನೆಯಲ್ಲಿ ಅಜ್ಜಿ ಕಸ್ತೂರಮ್ಮ ಎಂದಿನಂತೆ ದೇವರ ಮುಂದೆ ಕೂತು ಪದ ಹೇಳುತ್ತಿದ್ದರು. ಬಂದ ನೆಂಟರು ಉಪ್ಪಿಟ್ಟು ತಿನ್ನುತ್ತ ಮಳೆ, ದರ ಎಲ್ಲ ಮಾತಾಡಿದರು. ಹಾಲೇಶ ಮಾತ್ರ ಕೈಗೆ ಬಂದ ಚಹಾದ ಲೋಟ ಕೆಳಗಿಟ್ಟು, ಪದ ಮುಗಿಯುವ ತನಕ ಕಾಯ್ದು, ಆಮೇಲೆ ಆರಿದ ಚಹಾ ಕುಡಿದ. ರುದ್ರಾಣಿ ಇದನ್ನು ಬಾಗಿಲ ಸಂದಿಯಿಂದ ನೋಡಿದಳು. ಇದಕ್ಕೆ ಮುಂಚೆ ಬಂದ ಗಂಡುಗಳಲ್ಲಿ ಒಬ್ಬ ಅಜ್ಜಿಯ ಪದದ ನಡುವೆ ರೇಡಿಯೋ ಹಾಕಿ ಎಂದಿದ್ದ. ಅವಳು ಅಮ್ಮನಿಗೆ, “ಇದೇ ಆಗ್ಲಿ” ಎಂದಳು. ಬೇರೆ ಏನೂ ಹೇಳಲಿಲ್ಲ. ಅಮ್ಮ ಕೇಳಲೂ ಇಲ್ಲ.

ಎಲ್ಲರಿಗೂ ಒಪ್ಪಿಗೆಯಾಗಿತ್ತು. ಸಾಲಾವಳಿ ಒಂದು ಬಾಕಿ. ಅದನ್ನು ನೋಡುತ್ತಿದ್ದ ಮಠದ ಅಯ್ಯನವರಿಗೆ ಕಣ್ಣಿನ ಪೊರೆ ತೆಗೆಸಿ ಪಟ್ಟಿ ಕಟ್ಟಿದ್ದರು. ಪಂಚಾಂಗ ಹಿಡಿಯಲು ಇನ್ನೂ ಎರಡು ತಿಂಗಳು. ನ್ಯಾಮತಿಯವರು ಬರುವ ಸೋಮವಾರ ಬಿಟ್ಟು ಅದರ ಮುಂದಿನ ಸೋಮವಾರದೊಳಗೆ ಮಾತು ಹೇಳಿ, ಇಲ್ಲವಾದರೆ ತ್ಯಾವಣಿಗೆಯಲ್ಲಿ ಒಂದು ಹೆಣ್ಣಿದೆ, ನೋಡುತ್ತೇವೆ ಎಂದಿದ್ದರು. ಹೀಗಾಗಿ ಕಂಪ್ಯೂಟರು.

ಮಹೇಶ್ವರಪ್ಪ ಚಪ್ಪಲಿಯನ್ನು ಮೆಟ್ಟಿಲ ಕೆಳಗೇ ಬಿಟ್ಟು ಬಂದರು. ಬಾಗಿಲ ರಟ್ಟನ್ನು ಓದಿದರು. ಆಮೇಲೆ ಟವೆಲಿನ ಗಂಟು ಬಿಚ್ಚಿ ಎರಡು ಎಲೆ, ಮನೆಯ ಒಳ್ಳೆಯ ಅಡಿಕೆ, ಅದರ ಮೇಲೆ ಹನ್ನೊಂದು ರೂಪಾಯಿ ಇಟ್ಟು ಕಂಪ್ಯೂಟರಿನ ಮುಂದೆ ಇರಿಸಿ ಕೈಮುಗಿದರು.

ಬೆನಕಪ್ಪ ಆರು ರೂಪಾಯಿ ಚಿಲ್ಲರೆ ತೆಗೆದ.

“ಇದೇನು?” ಎಂದರು ಮಹೇಶ್ವರಪ್ಪ.

“ಐದೇ ರೂಪಾಯಿರೀ.”

“ದಕ್ಷಿಣೆಗೆ ಚಿಲ್ಲರೆ ಕೊಡೋದು ಎಲ್ಲಿ ಕಲಿತ್ರಿ?”

ಬೆನಕಪ್ಪ ಚಿಲ್ಲರೆಯನ್ನು ಜೇಬಿಗೆ ಹಾಕಿಕೊಂಡ. ಅವನು ಮಾಡಿದ ತಪ್ಪು ಅದೇ. ಆಗ ಅವನಿಗೆ ಹೊಳೆಯಲಿಲ್ಲ.

ಮಗಳು ಹುಟ್ಟಿದ ತಾರೀಖನ್ನು ಮಹೇಶ್ವರಪ್ಪ ಹೇಳಿದರು. ಹೊತ್ತನ್ನು ಪ್ರೇಮಮ್ಮ ಹೇಳಿದರು: “ಸೋಮಾರ ರಾತ್ರಿ ನಾಕು ಗಂಟೆ.” ಬೆನಕಪ್ಪ ಆ ಸೋಮವಾರದ ತಾರೀಖು ಒತ್ತಿದ, ಬೆಳಗಿನ ನಾಲ್ಕು ಎಂದು ಒತ್ತಿದ. ಹುಡುಗನದೂ ಒತ್ತಿದ. ತೆರೆಯ ಮೇಲೆ ಇಂಗ್ಲಿಷ್ ಅಕ್ಷರ ಬಂದವು. ಅವನು ಕೊನೆಯ ಸಾಲನ್ನು ಕನ್ನಡದಲ್ಲಿ ಹೇಳಿದ.

“ಮೂವತ್ತಾರರಲ್ಲಿ ಒಂಬತ್ತು ಗುಣ. ಕೂಡೋದಿಲ್ಲ.”

ಪ್ರೇಮಮ್ಮ ಸೆರಗು ಬಾಯಿಗೆ ಹಿಡಿದರು. ರುದ್ರಾಣಿ ರಟ್ಟಿನ ಕಡೆ ನೋಡಿದಳು. “ಇದು ಇನ್ನೂ ಪರೀಕ್ಷೆಯಲ್ಲಿದೆ ಅಂತ ಬರ್ದೈತಲ್ಲಪ್ಪ” ಎಂದಳು.

“ಹೂಂ, ಆಯ್ತಲ್ಲ ಪರೀಕ್ಷೆ” ಎಂದು ಮಹೇಶ್ವರಪ್ಪ ಮೆಟ್ಟಿಲಿಳಿದರು.

ಬೆನಕಪ್ಪನಿಗೆ ಒಂದು ಅಭ್ಯಾಸವಿತ್ತು. ಸಂಜೆ ಕೋಣೆಗೆ ಬೀಗ ಹಾಕಿ, ಬಂದಿದ್ದವರ ಮನೆಗೆಲ್ಲ ಹೋಗಿ ತಪ್ಪೇನಾದರೂ ಕಂಡಿತೇ ಎಂದು ವಿಚಾರಿಸುತ್ತಿದ್ದ. ಎರಡು ಮನೆಯಲ್ಲಿ ಚಹಾ, ಒಂದು ಮನೆಯಲ್ಲಿ ಮಂಡಕ್ಕಿ ಸಿಕ್ಕಿತು, ತಪ್ಪು ಸಿಗಲಿಲ್ಲ. ಕೊನೆಗೆ ಮಹೇಶ್ವರಪ್ಪನವರ ಮನೆಗೆ ಬಂದ.

ಕಸ್ತೂರಮ್ಮ ಹಣೆಗೆ ವಿಭೂತಿ ಹಚ್ಚಿಕೊಂಡು ಪಡಸಾಲೆಯಲ್ಲಿ ಕೂತಿದ್ದರು.

“ನೀವೇ ಏನಪ್ಪ ನಮ್ಮ ಹುಡುಗಿ ಮದುವಿ ನಿಲ್ಸಿದ್ದು?” ಎಂದರು ಅವರು. “ಕೂತ್ಕಳ್ರಿ.”

ಬೆನಕಪ್ಪ ಕೂತ. ಚಹಾ ಬಂತು. ಕಸ್ತೂರಮ್ಮ ತಮ್ಮಷ್ಟಕ್ಕೆ ತಾವೇ ಹೇಳಿಕೊಳ್ಳುವವರಂತೆ, ಪದ ಹೇಳುವ ಅದೇ ಧಾಟಿಯಲ್ಲಿ ಶುರುಮಾಡಿದರು. “ಎಂಥ ಒಳ್ಳೆ ಹೊತ್ತಿನಾಗೆ ಹುಟ್ಟಿದ್ಲು. ಸೋಮಾರ ಒಪ್ಪೊತ್ತು ಮಾಡಿದ್ವಿ. ರಾತ್ರಿ ಪೂಜೆ ಮುಗಿಸಿ ಮಲಗಿದ್ವಿ. ನಿದ್ದೆ ಹತ್ತೋ ಹೊತ್ತಿಗೆ ಸೊಸಿಗೆ ನೋವು ಬಂತು. ಕೋಳಿ ಕೂಗೋ ಹೊತ್ತಿಗೆ ಕೂಸು ಬಂತು. ಆಮ್ಯಾಲೆ ಸೂರ್ಯ ಹುಟ್ಟಿದ, ಮಂಗಳಾರ ಆಯ್ತು.”

ಬೆನಕಪ್ಪ ಲೋಟ ಕೆಳಗಿಟ್ಟ. “ಪೂಜೆ ಮುಗಿಸಿದ ಮೇಲೆ ಹುಟ್ಟಿದ್ದೇನಮ್ಮ? ಸೋಮವಾರದ ಪೂಜೆ?”

“ಮತ್ತಿನ್ಯಾವುದು?”

“ಅಮ್ಮಾ, ಕಂಪ್ಯೂಟರಿಗೆ ರಾತ್ರಿ ಹನ್ನೆರಡು ಹೊಡೆದ ಕೂಡಲೇ ಮಂಗಳವಾರ ಬರ್ತೈತೆ.”

“ಸೂರ್ಯ ಹುಟ್ಟದೇನೇ?”

“ಹೂಂ.”

“ಪಾಪ” ಎಂದರು ಕಸ್ತೂರಮ್ಮ.

ಬಾಗಿಲ ಹಿಂದಿದ್ದ ರುದ್ರಾಣಿ ಈಚೆ ಬಂದಳು. “ಅಂದ್ರೆ ನೀವು ನನ್ನ ಒಂದು ದಿನ ಮೊದ್ಲೇ ಹುಟ್ಸಿದ್ರಿ.”

“ಹೌದಮ್ಮ. ಪೂರ್ತಿ ಒಂದು ದಿನ. ನಕ್ಷತ್ರವೇ ಬೇರೆ ಆಗಿಬಿಡ್ತು.” ಬೆನಕಪ್ಪನ ಮುಖ ಅರಳಿತು. ಮೂರು ಊರು ತಿರುಗಿದ ಮೇಲೆ ಸಿಕ್ಕ ಮೊದಲನೆಯ ಅಪ್ಪಟ ತಪ್ಪು. “ಎಲ್ಲರೂ ಹೀಗೇ ಹೇಳ್ತಾರೆ, ನಾನು ಹೀಗೇ ಒತ್ತಿದೀನಿ! ಹೊನ್ನಾಳಿಯವರದೂ ತಪ್ಪಿರಬೇಕು!” ಎಂದು ಅವನು ಸಂತೋಷದಿಂದ ಹೇಳಿದ.

ಮಹೇಶ್ವರಪ್ಪ ಒಳಗಿನಿಂದ ಬಂದು ಕುರ್ಚಿಯಲ್ಲಿ ಕೂತರು. ಎಲ್ಲವನ್ನೂ ಕೇಳಿಸಿಕೊಂಡಿದ್ದರು.

“ಮೇಷ್ಟ್ರೇ, ನಾನು ಎಲೆ ಅಡಿಕೆ ಮೇಲೆ ದಕ್ಷಿಣೆ ಇಟ್ಟು ಕೇಳೀನಿ. ಬಂದಿದ್ದು ದೇವರ ವಾಕ್ಯ. ಈಗ ತಿರುಗಿಸಿ ಹೇಳಿದ್ರೆ ಹೆಂಗೆ?”

“ಅದು ದಕ್ಷಿಣೆ ಅಲ್ಲರೀ, ಪರೀಕ್ಷೆ ಫೀಸು. ಕಂಪ್ಯೂಟರು ಸರಿ ಹೇಳ್ತೈತೋ ಇಲ್ವೋ ನೋಡಾಕೆ.”

“ಸರಿ ಹೇಳ್ತೈತೋ ಇಲ್ವೋ ಗೊತ್ತಿಲ್ದೇ ದುಡ್ಡು ತಗಂಡ್ರಾ?”

“ಬೋರ್ಡಿನಲ್ಲಿ ಬರೆದಿದ್ದೆ.”

“ಅದು ನಿಮ್ಮ ವಿನಯ ಅಂದ್ಕಂಡೆ. ಅಯ್ಯನವರೂ ‘ನನಗೇನು ಗೊತ್ತಪ್ಪ’ ಅಂತ್ಲೇ ಶುರುಮಾಡ್ತಾರೆ.”

ಬೆನಕಪ್ಪ ಹನ್ನೊಂದು ರೂಪಾಯಿ ತೆಗೆದು ಮುಂದೆ ಇಟ್ಟ. “ವಾಪಸ್ ತಗಳ್ರಿ. ಎಲ್ಲ ಹೊಸದಾಗಿ ನೋಡೋಣ.”

ಮಹೇಶ್ವರಪ್ಪ ಕಾಲನ್ನು ಹಿಂದಕ್ಕೆ ಎಳೆದುಕೊಂಡರು. ನೋಟು ಅವರ ಪಾದದ ಹತ್ತಿರ ಬಿದ್ದಿತ್ತು. “ಕೊಟ್ಟ ದಕ್ಷಿಣೆ ವಾಪಸ್ ತಗಳಾಕೆ ನಾನೇನು ಮನೆತನ ಇಲ್ದೋನಾ? ನನ್ನ ಮಗಳ ಮದುವಿ ವಿಷಯದಾಗೆ? ಎತ್ಕಳ್ರಿ ಮೊದ್ಲು.”

“ಅಪ್ಪ, ತಪ್ಪಾಗೈತೆ ಅಂತ ಅವರೇ ಹೇಳ್ತಾವ್ರೆ.”

“ಅದೇ ಕಣಮ್ಮ. ಬೆಳಿಗ್ಗೆ ಇಲ್ಲ ಅಂದ ಬಾಯಿ ಸಂಜೆಗೆ ಹೂಂ ಅಂತೈತೆ. ನಾಳೆ ಏನಾದ್ರೂ ಹೆಚ್ಚುಕಮ್ಮಿ ಆದ್ರೆ ಯಾವ ಬಾಯಿನ ಕೇಳಾನ?” ಮಗಳ ಮೇಲಿನ ಪ್ರೀತಿಯಿಂದಲೇ ಹಟ ಹಿಡಿದಿದ್ದರು, ಅದೇ ಕಷ್ಟ. “ನಾಳೆ ಬಿಟ್ಟು ಬರೋ ಸೋಮಾರ ನ್ಯಾಮತಿಗೆ ಆಗಲ್ಲ ಅಂತ ಹೇಳಿ ಕಳಸ್ತೀನಿ. ವಾಯಿದೆ ಮುಗಿಯೋಕೆ ಮುಂಚೆ ಇಲ್ಲ ಅನ್ನೋದು ಮರ್ಯಾದೆ ಅಲ್ಲ.”

ಅಷ್ಟು ದಿನ ಸಿಕ್ಕಿತು. ಆ ದಿನಗಳಲ್ಲಿ ರುದ್ರಾಣಿ ಅತ್ತಳು ಎಂದು ಪ್ರೇಮಮ್ಮ ಹೇಳುತ್ತಾರೆ. ಯೋಚನೆ ಮಾಡಿದಳು ಎಂದು ಕಸ್ತೂರಮ್ಮ. ಎರಡೂ ಆಗಿರಬಹುದು.

ಮುಂದಿನ ಭಾನುವಾರ ಬೆಳಿಗ್ಗೆ ಅವಳು ಅಜ್ಜಿಯ ಕೈಹಿಡಿದುಕೊಂಡು ಸೈಕಲ್ ಅಂಗಡಿಯ ಮೆಟ್ಟಿಲು ಹತ್ತಿದಳು. ಅಜ್ಜಿಗೆ ಕಂಪ್ಯೂಟರ್ ನೋಡುವ ಆಸೆ ಎಂದು ಮನೆಯಲ್ಲಿ ಹೇಳಿದ್ದಳು. ಅದು ಸುಳ್ಳೂ ಆಗಿರಲಿಲ್ಲ. ಕಸ್ತೂರಮ್ಮ ಕುರ್ಚಿಯಲ್ಲಿ ಕೂತು, ತೆರೆಯನ್ನು ಬಹಳ ಹೊತ್ತು ನೋಡಿ, “ಸೂರ್ಯ ಗೊತ್ತಿಲ್ಲಂತೆ” ಎಂದು ಅದಕ್ಕೇ ಹೇಳಿದರು.

“ಮೇಷ್ಟ್ರೇ, ನಿಮಗೆ ತಪ್ಪು ಬೇಕಾ?” ಎಂದಳು ರುದ್ರಾಣಿ.

“ಬೇಕಮ್ಮ. ಅದಕ್ಕೇ ಊರೂರು ತಿರುಗ್ತಿರೋದು.”

“ದುಡ್ಡು ಇಸ್ಕಂಡ್ರೆ ಹೆಂಗೆ ಸಿಗ್ತೈತೆ? ಕೊಟ್ಟೋರು ಯಾರಾದ್ರೂ ಕೊಟ್ಟು ಕೆಟ್ವಿ ಅಂತ ಹೇಳ್ಕಂತಾರಾ?”

“ಬಿಟ್ಟಿ ಕೊಟ್ಟೂ ನೋಡಿದೆ.”

“ಬಿಟ್ಟಿನೂ ಬೇಡ. ನೀವೇ ಕೊಡ್ರಿ. ಕೂಲಿ.” ಅವಳು ಅಜ್ಜಿಯ ಸೆರಗು ಸರಿಮಾಡುತ್ತ ಮೆಲ್ಲಗೆ ಹೇಳಿದಳು. “ನಮ್ಮಪ್ಪನ್ನ ಬ್ಯಾರೆ ವ್ಯಾಪಾರಸ್ಥರು ಅಡಿಕೆ ರಾಶಿ ನೋಡಾಕೆ ಕರೀತಾರೆ. ಕೂಲಿ ಕೊಡ್ತಾರೆ. ಕೂಲಿ ತಗಂಡು ರಾಶಿ ಮುಂದೆ ಕೂತ್ರೆ ಒಂದಾದ್ರೂ ಕೆಟ್ಟ ಅಡಿಕೆ ಹಿಡೀದೆ ಅಪ್ಪ ಏಳಲ್ಲ. ಸುಮ್ನೆ ಎದ್ದು ಬಂದ್ರೆ ಅವತ್ತು ಉಂಡಿದ್ದು ಮೈಗೆ ಹತ್ತಲ್ಲ ಅಂತಾರೆ.”

ಬೆನಕಪ್ಪ ಎದ್ದು ಬಾಗಿಲ ರಟ್ಟನ್ನು ತೆಗೆದು ಗೋಡೆಗೆ ಮುಖ ಮಾಡಿ ಇಟ್ಟ. ಕೆಳಗೆ ಹೋಗಿ, ಕೂಲಿಗೆ ಬರುತ್ತಾರೇನು ಕೇಳು ಎಂದು ರೇವಣ್ಣನನ್ನು ಮಹೇಶ್ವರಪ್ಪನವರ ಹತ್ತಿರ ಕಳಿಸಿದ.

ರೇವಣ್ಣ ಹೋದ, ಬಂದ. “ಎಷ್ಟು ಕೊಡ್ತಾರೆ ಅಂತ ಕೇಳ್ತಾರೆ.”

“ಹದಿನೈದು.”

ರೇವಣ್ಣ ಮತ್ತೆ ಹೋಗಿ ಬಂದ. “ಅಡಿಕೆಗಾದ್ರೆ ಹದಿನೈದು, ಇದು ಕರೆಂಟಿನ ಸಾಮಾನು, ಇಪ್ಪತ್ತು ಅಂತಾರೆ. ಮೇಷ್ಟ್ರೇ, ನಂದೂ ಮೆಟ್ಟಿಲ ಕೂಲಿ ಆಗ್ತೈತೆ ನೋಡ್ಕಳ್ರಿ.”

ಇಪ್ಪತ್ತಕ್ಕೆ ಕುದುರಿತು. ಮಹೇಶ್ವರಪ್ಪ ಬಂದರು. ಈ ಸಲ ಚಪ್ಪಲಿಯನ್ನು ಕೋಣೆಯ ಬಾಗಿಲ ತನಕ ಹಾಕಿಕೊಂಡೇ ಬಂದರು. ತಮ್ಮ ತಾಯಿಯೂ ಮಗಳೂ ಅಲ್ಲಿರುವುದನ್ನು ಕಂಡರು. ಕೆಲಸಕ್ಕೆ ಬಂದ ಕಡೆ ಮನೆಯವರನ್ನು ಮಾತಾಡಿಸುವ ಪದ್ಧತಿ ಅವರಿಗಿರಲಿಲ್ಲ. ಕೂಲಿಯನ್ನು ಮೊದಲು ತೆಗೆದುಕೊಂಡು ಒಳಜೇಬಿಗೆ ಹಾಕಿ, ಕನ್ನಡಕ ಏರಿಸಿದರು.

“ಮೇಜು ಅಲ್ಲಾಡ್ತೈತೆ” ಎಂದರು.

ಬೆನಕಪ್ಪ ಕಾಲಿಗೆ ರಟ್ಟು ಇಟ್ಟ.

“ಗಣಪತಿ ಫೋಟೋ ದಕ್ಷಿಣಕ್ಕೆ ಮುಖ ಮಾಡೈತೆ.”

ಫೋಟೋ ತಿರುಗಿತು.

“ಗುಂಯ್ ಅಂತೈತಲ್ಲ, ಏನದು?”

“ಫ್ಯಾನ್‌ರೀ. ಒಳಗೆ ಬಿಸಿ ಆಗದಂಗೆ.”

“ನಮಗೆ ಸೆಕೆ ಆಗ್ತೈತೆ, ಅದಕ್ಕೆ ಫ್ಯಾನು. ಆಗ್ಲಿ.”

ಆಮೇಲೆ ಏನೂ ಸಿಗಲಿಲ್ಲ. ಮಹೇಶ್ವರಪ್ಪ ಕಂಪ್ಯೂಟರನ್ನು ಒಂದು ಸುತ್ತು ಹಾಕಿದರು, ಹಿಂದಿನ ವೈರುಗಳನ್ನು ನೋಡಿದರು, ಮೇಲೆ ಬೆರಳಾಡಿಸಿ ಧೂಳು ಪರೀಕ್ಷಿಸಿದರು. ಇಪ್ಪತ್ತು ರೂಪಾಯಿಗೆ ಇದು ಸಾಲದು ಎಂಬುದು ಅವರ ಮುಖದಲ್ಲಿ ಕಾಣುತ್ತಿತ್ತು. ಜೇಬನ್ನು ಎರಡು ಸಲ ಮುಟ್ಟಿ ನೋಡಿಕೊಂಡರು. ಬೆನಕಪ್ಪ ಬಾಯಿ ತೆರೆಯಲು ಹೋದ. ರುದ್ರಾಣಿ ತಲೆ ಅಲ್ಲಾಡಿಸಿದಳು. ಕಸ್ತೂರಮ್ಮ ಕಣ್ಣುಮುಚ್ಚಿ ಕೂತಿದ್ದರು.

“ಕೆಲಸ ಮಾಡಿಸಿ ನೋಡ್ಬೇಕು” ಎಂದರು ಮಹೇಶ್ವರಪ್ಪ ಕೊನೆಗೆ. “ಯಾವ್ದಾದ್ರೂ ಜಾತಕ ಹಾಕ್ರಿ.”

“ಯಾರದು ಹಾಕ್ಲಿ?”

ಅವರು ಸ್ವಲ್ಪ ಹೊತ್ತು ಕಿಟಕಿಯ ಕಡೆ ನೋಡಿದರು. “ನಮಗೆ ಗೊತ್ತಿರೋದು ಹಾಕಿದ್ರೇ ತಾನೇ ತಪ್ಪು ತಿಳಿಯೋದು. ಹುಡುಗೀದೇ ಹಾಕ್ರಿ. ಸೋಮಾರ ರಾತ್ರಿ ನಾಕು ಗಂಟೆ. ಹೋದ್ಸಲ ಕೊನೇ ಸಾಲು ಒಂದೇ ಓದಿದ್ರಿ. ಈ ಸಲ ಮೊದ್ಲಿಂದ ಓದ್ರಿ.”

ಬೆನಕಪ್ಪ ಹಿಂದಿನ ಸಲದಂತೆಯೇ ಒತ್ತಿ, ಪುರಾಣ ಓದುವವನಂತೆ ಒಂದೊಂದೇ ಸಾಲು ಓದಿದ. ಮಹೇಶ್ವರಪ್ಪ ಸಾಲಿಗೊಂದು ‘ಹೂಂ’ ಹಾಕಿದರು. ಹೆಸರು. ಹೂಂ. ಊರು. ಹೂಂ. “ಜನನ, ಸೋಮವಾರ, ಸೂರ್ಯೋದಯಕ್ಕೆ ಎರಡು ಗಂಟೆ ಮೊದಲು.”

ಹೂಂ ಬರಲಿಲ್ಲ.

“ಸೋಮಾರ ಸೂರ್ಯ ಹುಟ್ಟೋಕೆ ಮೊದ್ಲು ಅಂದ್ರೆ ಭಾನುವಾರದ ರಾತ್ರಿ ಅಲ್ವೇನ್ರಿ?”

“ಹೌದ್ರಿ.”

“ಭಾನುವಾರ ರಾತ್ರಿ ನಾನು ಉಬ್ರಾಣಿನಾಗೆ ಇದ್ದೆ, ಅಡಿಕೆ ಕೊಳ್ಳಾಕೆ ಹೋಗಿ. ಸೋಮಾರ ಮಧ್ಯಾಹ್ನ ಬಂದಾಗ ಇವಳವ್ವ ಅಂಗಳದಾಗೆ ರಾಗಿ ಹಸನು ಮಾಡ್ತಿದ್ಲು. ಕೂಸು ಹುಟ್ಟೇ ಇರ್ಲಿಲ್ಲ!” ಅವರ ದನಿ ಏರಿತು. “ತಪ್ಪು! ಶುದ್ಧ ತಪ್ಪು! ಒಂದು ದಿನದ ತಪ್ಪು! ಇಷ್ಟು ಓದೀರಿ, ಇಷ್ಟು ದೊಡ್ಡದು ನಿಮ್ಮ ಕಣ್ಣಿಗೆ ಬೀಳ್ಲಿಲ್ವೇನ್ರಿ?”

“ಬೀಳ್ಲಿಲ್ಲರೀ” ಎಂದ ಬೆನಕಪ್ಪ.

ಮಹೇಶ್ವರಪ್ಪ ಸಮಾಧಾನದಿಂದ ಕುರ್ಚಿಗೆ ಒರಗಿದರು. ಹಣೆಯ ಬೆವರು ಒರೆಸಿಕೊಂಡರು. “ತಿದ್ರಿ ಮತ್ತೆ.”

ಬೆನಕಪ್ಪ ಮಂಗಳವಾರದ ತಾರೀಖು ಒತ್ತಿದ. ಹಾಲೇಶನದನ್ನು ಹಾಗೇ ಬಿಟ್ಟ. ಫ್ಯಾನು ಗುಂಯ್ ಎಂದಿತು. ಅವನು ಓದಿದ. “ಮೂವತ್ತಾರರಲ್ಲಿ ಇಪ್ಪತ್ತೆಂಟು. ಕೂಡ್ತೈತೆ. ಚೆನ್ನಾಗಿ ಕೂಡ್ತೈತೆ.”

ರುದ್ರಾಣಿ ಅಜ್ಜಿಯ ಕೈ ಹಿಡಿದುಕೊಂಡಳು.

ಮಹೇಶ್ವರಪ್ಪ ಕನ್ನಡಕವನ್ನು ಒರೆಸಿ ಮತ್ತೆ ಏರಿಸಿದರು. ಕುರ್ಚಿಯನ್ನು ಮೇಜಿನ ಹತ್ತಿರಕ್ಕೆ ಎಳೆದುಕೊಂಡರು. “ಇಪ್ಪತ್ತೆಂಟು” ಎಂದರು. “ಹೂಂ. ಇದರಾಗೆ ಏನು ತಪ್ಪೈತೆ ನೋಡಾನ.”

ರುದ್ರಾಣಿ ಅಜ್ಜಿಯ ಕೈ ಬಿಟ್ಟು ಮೇಜಿನ ಹತ್ತಿರ ಬಂದಳು.

“ಅಪ್ಪ” ಎಂದಳು ರುದ್ರಾಣಿ. “ಅದು ಬ್ಯಾರೆ ರಾಶಿ. ಅದಕ್ಕೆ ಬ್ಯಾರೆ ಕೂಲಿ ಆಗ್ತೈತೆ.”

ಮಹೇಶ್ವರಪ್ಪ ಯೋಚಿಸಿದರು. ನ್ಯಾಯವಾದ ಮಾತು. ಬೆನಕಪ್ಪನ ಕಡೆ ತಿರುಗಿದರು. “ಕೊಡ್ತೀರೇನ್ರಿ?”

ಬೆನಕಪ್ಪ ಅಂಗಿಯ ಜೇಬು, ಪ್ಯಾಂಟಿನ ಎರಡೂ ಜೇಬು ಹೊರಗೆಳೆದು ತೋರಿಸಿದ. ದಾವಣಗೆರೆಗೆ ಬಸ್ ಚಾರ್ಜು ಅಷ್ಟೇ ಇತ್ತು, ಕಂಪ್ಯೂಟರಿನದೂ ಸೇರಿ.

“ಇಲ್ರಿ.”

“ಹಂಗಾದ್ರೆ ಸರಿ ಐತೆ” ಎಂದು ಮಹೇಶ್ವರಪ್ಪ ಎದ್ದರು. ಬಾಗಿಲಲ್ಲಿ ಚಪ್ಪಲಿ ಮೆಟ್ಟಿಕೊಂಡು, ಮೆಟ್ಟಿಲ ಮೇಲಿಂದ ಕೆಳಗೆ ಬಗ್ಗಿ, “ರೇವಣ್ಣ, ನ್ಯಾಮತಿ ಬಸ್ಸು ಎಷ್ಟೊತ್ತಿಗೈತೋ?” ಎಂದು ಕೂಗಿದರು.